ಟೈಮ್ ಕೊಟ್ಟವರು ಯಾರು?

ಸಯನ್ ಸ್ಟೇಷನ್ನಿನ ಬೋರ್ಡಿನಲ್ಲಿ ಮರಾಠಿಯ ಹೆಸರು ‘ಶೀವ್’, ಅಂದರೆ ಎಲ್ಲೆ. ಹಿಂದೆ ಮುಂಬಯಿ ದ್ವೀಪ ಮುಗಿದು ಆಚೆ ಸಾಷ್ಟಿ ದ್ವೀಪ ಶುರುವಾಗುತ್ತಿದ್ದದ್ದು ಇಲ್ಲಿಯೇ. ‘ಸಯನ್’ ಮಾತ್ರ ಯೆರೂಸಲೇಮಿನ ಗುಡ್ಡದ ಹೆಸರಿನಿಂದ ಬಂತು ಎನ್ನುವವರಿದ್ದಾರೆ. ಕನ್ನಡ ಬೈಬಲಿನಲ್ಲಿ ಆ ಗುಡ್ಡ ‘ಚೀಯೋನ್’. ಮಂಗಳೂರಿನಿಂದ ನನ್ನ ಜೊತೆ ಇರಲು ಬಂದ ಅಮ್ಮನಿಗೆ ಈ ಕತೆ ಹೇಳಿದಾಗ, “ಹಾಗಾದರೆ ಚೀಯೋನಿನಲ್ಲೇ ಇದ್ದುಕೊಂಡು ನೀನು ಚರ್ಚಿಗೆ ಹೋಗುದಿಲ್ಲ” ಎಂದು ನಕ್ಕಳು.

ಅದು ಪೂರ್ತಿ ನಿಜವಲ್ಲ. ಕ್ರಿಸ್ಮಸ್, ಗುಡ್ ಫ್ರೈಡೇ ತಪ್ಪಿಸುತ್ತಿರಲಿಲ್ಲ. ಉಳಿದ ಆದಿತ್ಯವಾರಗಳಿಗೆ ಕಾರಣಗಳಿದ್ದವು. ಕನ್ನಡ ಆರಾಧನೆಗೆ ಲೋಕಲ್ ಹಿಡಿದು ದೂರ ಹೋಗಬೇಕು, ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಸೋಮವಾರ ಬೆಳಿಗ್ಗೆ ಕೊಡಬೇಕಾದ ಅನುವಾದ. ಶನಿವಾರ ಸಂಜೆ ಕಳಿಸಿ ಸೋಮವಾರ ಕೇಳುವವರೇ ಹೆಚ್ಚು. ಮನೆಯಿಂದ ದುಡಿಯುವವರಿಗೆ ರಜೆ ಎಂಬುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಒಂದು ಆದಿತ್ಯವಾರ ಅಮ್ಮ ಸೀರೆ ಉಟ್ಟು ತಯಾರಾಗಿ ಕುಳಿತಿದ್ದಳು. ನಾನು ಔಷಧಿಯೊಂದರ ಮಾಹಿತಿಪತ್ರದಲ್ಲಿ ಮುಳುಗಿದ್ದೆ. “ಮುಂದಿನ ವಾರ ಹೋಗುವಾ” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಭಾಷಾವಿಜ್ಞಾನ ಓದಿದವರ ಕೆಟ್ಟ ಚಾಳಿ, ಶಬ್ದವೊಂದನ್ನು ಎಳೆದು ತಂದೆ. ಹೀಬ್ರೂವಿನ ‘ಅವೋದಾ’ ಎಂದರೆ ದುಡಿಮೆಯೂ ಹೌದು, ಆರಾಧನೆಯೂ ಹೌದು. ಹಾಗಾಗಿ ನಾನು ಮಾಡುತ್ತಿರುವುದೂ ಆರಾಧನೆಯೇ. ಕಾಯಕದ ಬಗ್ಗೆ ಶರಣರು ಹೇಳಿದ್ದನ್ನೂ ಸೇರಿಸಿದೆ.

ಅಮ್ಮ ಸೆರಗಿನ ಪಿನ್ನು ತೆಗೆಯುತ್ತಾ ಕೇಳಿದಳು: “ಅದು ಸರಿ ಮಗಾ. ಈ ಕೆಲಸಕ್ಕೆ ಟೈಮ್ ಕೊಟ್ಟವರು ಯಾರು?”

ನಾನು ಎಳೆದು ತಂದ ಶಬ್ದದಲ್ಲೇ ಇದಕ್ಕೆ ಉತ್ತರವಿತ್ತು. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಫರೋಹನಿಗಾಗಿ ಇಟ್ಟಿಗೆ ಮಾಡುವ ಜೀತಕ್ಕೂ, ಅಡವಿಗೆ ಹೋಗಿ ದೇವರಿಗೆ ಸಲ್ಲಿಸಬೇಕೆಂದು ಮೋಶೆ ಕೇಳುವ ಆರಾಧನೆಗೂ ಧಾತು ಒಂದೇ. ಬದಲಾಗುವುದು ಯಜಮಾನ. ಇವರಿಗೆ ಕೆಲಸ ಸಾಲದು, ಅದಕ್ಕೇ ಹೀಗೆ ಕೇಳುತ್ತಾರೆ ಎಂದು ಫರೋಹ ಇನ್ನಷ್ಟು ಹೊರಿಸಿದ. ನನ್ನ ಮೇಲೆ ಹೊರಿಸುತ್ತಿದ್ದವಳು ನಾನೇ.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕೆಲಸ ಶುರುಮಾಡಿದ ಮೇಲೆ ನಮ್ಮಂಥ ಎಷ್ಟೋ ಕುಟುಂಬಗಳ ಅನ್ನ ಆ ಮಣ್ಣಿನಿಂದ ಬಂತು. ಕಾರ್ಖಾನೆ ಅಜ್ಜನಿಗಾಗಿ ಕಾಯುತ್ತಿರಲಿಲ್ಲ. ಆದರೆ ಅವರು ಹೊರಡುವ ಮೊದಲೇ ಮನೆಪ್ರಾರ್ಥನೆ ಮುಗಿದಿರುತ್ತಿತ್ತಂತೆ: ಒಂದು ಹಾಡು, ಒಂದು ಕೀರ್ತನೆ, ಕರ್ತನ ಪ್ರಾರ್ಥನೆ. ಚಾ ಆಮೇಲೆ.

ಆ ಆದಿತ್ಯವಾರದ ನಂತರ ಅಮ್ಮ ನನ್ನನ್ನು ಕರೆಯಲಿಲ್ಲ. ಬೆಳಿಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ಒಬ್ಬಳೇ ಹಾಡುತ್ತಿದ್ದಳು, ನನಗೆ ಎಚ್ಚರವಾಗದ ಹಾಗೆ ಸಣ್ಣ ದನಿಯಲ್ಲಿ. ಬೈದಿದ್ದರೆ ವಾದ ಮಾಡಬಹುದಿತ್ತು. ಹದಿನೈದು ದಿನ ಆ ದನಿಯನ್ನು ಹಾಸಿಗೆಯಿಂದಲೇ ಕೇಳಿ, ಕಡೆಗೆ ನಾನಾಗಿ ಹೋಗಿ ಪಕ್ಕದಲ್ಲಿ ಕುಳಿತೆ. ಶನಿವಾರ ಸಂಜೆ ಬಂದ ಎರಡು ಕೆಲಸಗಳಿಗೆ ಆಗುವುದಿಲ್ಲ ಎಂದು ಬರೆದೆ. ಅವರಲ್ಲೊಬ್ಬರು ಮತ್ತೆ ಕೇಳಲೇ ಇಲ್ಲ. ಆ ತಿಂಗಳ ಬಾಡಿಗೆಗೆ ಸ್ವಲ್ಪ ಕಷ್ಟವಾಯಿತು.

ಕುಳಿತ ಮಾತ್ರಕ್ಕೆ ಮನಸ್ಸು ಕೂರುವುದಿಲ್ಲ. ಮೊನ್ನೆ ಅಮ್ಮ ಕೀರ್ತನೆ ಓದುತ್ತಿದ್ದಾಗ ನಾನು ತಲೆಯೊಳಗೆ ಯಾವುದೋ ಮಾತ್ರೆಯ ಅಡ್ಡಪರಿಣಾಮಕ್ಕೆ ಕನ್ನಡ ಹುಡುಕುತ್ತಿದ್ದೆ. ಅಮ್ಮ ಓದು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

“ಶಬ್ದ ಸಿಕ್ಕಿತಾ?”

“ಇಲ್ಲ.”

“ಹಾಗಾದರೆ ಮುಂದಿನ ವಚನ ನೀನು ಓದು.”