ನಂಬರಿಗೂ ಒಂದು ತವರುಮನೆ

ಬರೆಯದೆ ಬಹಳ ದಿನ ಆಯ್ತು. ನಡುವೆ ಇಬ್ಬರು ಮೇಲ್ ಮಾಡಿ "ಎಲ್ಲಿ ಕಾಣೆಯಾದಿರಿ?" ಅಂತ ವಿಚಾರಿಸಿದರು. ಎಲ್ಲಿಗೂ ಹೋಗಿಲ್ಲ ಕಣ್ರೀ, ಇಲ್ಲೇ ಅಬಿಡ್ಸ್‌ನಲ್ಲೇ ಇದ್ದೇನೆ. ಎರಡು ತಿಂಗಳಿಂದ ಸುಳ್ಳು ಮನುಷ್ಯರನ್ನು ತಯಾರು ಮಾಡುವ ಕೆಲಸದಲ್ಲಿ ಮುಳುಗಿದ್ದೆ, ಅಷ್ಟೇ.

ಗಾಬರಿಯಾಗಬೇಡಿ, ಇದು ಪೊಲೀಸರು ಹುಡುಕುವಂಥ ಕೆಲಸ ಅಲ್ಲ. ನಮ್ಮದು ವ್ಯಾಪಾರಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು. ಹೊಸದಾಗಿ ಏನಾದರೂ ಬರೆದಾಗ ಅದು ಸರಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸಾವಿರಾರು ಗಿರಾಕಿಗಳ ಹೆಸರು, ವಿಳಾಸ, ಪ್ಯಾನ್ ನಂಬರು, ಜಿಎಸ್‌ಟಿ ನಂಬರು ಬೇಕಾಗುತ್ತವೆ. ನಿಜವಾದ ಗಿರಾಕಿಗಳದ್ದನ್ನು ಬಳಸುವ ಹಾಗಿಲ್ಲ, ಬಳಸಲೂಬಾರದು. ಹಾಗಾಗಿ ಪ್ರೋಗ್ರಾಂ ಬರೆದು ಕಂಪ್ಯೂಟರಿನಿಂದಲೇ ಸುಳ್ಳು ಗಿರಾಕಿಗಳನ್ನು ಹುಟ್ಟಿಸುತ್ತೇವೆ. ರ‍್ಯಾಂಡಮ್ ಡೇಟಾ ಅನ್ನುತ್ತಾರೆ. ಹೆಸರೇ ಹೇಳುವಂತೆ ಯಾದೃಚ್ಛಿಕ, ಬಾಯಿಗೆ ಬಂದದ್ದು. ಇದರಲ್ಲಿ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಮಜಾ ಇರುವುದೇ ಅಲ್ಲಿ.

ನಮ್ಮ ಆಫೀಸಿಗೆ ರಾಯಚೂರಿನ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಾಳೆ. ಚುರುಕು. ದಿನವೆಲ್ಲ ತೆಲುಗು, ಹಿಂದಿ, ಇಲ್ಲಿಯ ದಖನಿ ಮಾತಾಡಿ ಮಾತಾಡಿ ಜೋಮು ಹಿಡಿದ ನನ್ನ ನಾಲಗೆಗೆ ಅವಳ ಕನ್ನಡ ಒಂದು ಆರಾಮ. ಅವಳಿಗೇ ಈ ಕೆಲಸ ಕೊಟ್ಟೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಬಂದು "ಸರ್, ಹತ್ತು ಸಾವಿರ ಗಿರಾಕಿ ರೆಡಿ ಆಗ್ಯಾರ್ರಿ" ಅಂದಳು.

ಪಟ್ಟಿ ತೆಗೆದು ನೋಡಿದೆ. ಆಕಾರದಲ್ಲಿ ಎಲ್ಲ ಸರಿ. ಪ್ಯಾನ್ ಅಂದರೆ ಮೊದಲು ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಎಲ್ಲೂ ಎಡವಿಲ್ಲ. ಆದರೆ ಒಬ್ಬ ಗಿರಾಕಿಯ ಅಡ್ಡಹೆಸರು ಪಾಟೀಲ, ಪ್ಯಾನಿನ ಐದನೇ ಅಕ್ಷರ ಕ್ಯೂ. ಜಿಎಸ್‌ಟಿ ನಂಬರು 29ರಿಂದ ಶುರು, ವಿಳಾಸದ ಪಿನ್ ಕೋಡ್ 500001.

"ಈ ಪಾಟೀಲ್ರು ಇರೋದು ಎಲ್ಲಿ ತಂಗಿ, ಕರ್ನಾಟಕದಾಗೋ ಅಬಿಡ್ಸ್‌ನಾಗೋ?" ಅಂದೆ.

ಅವಳು ನಕ್ಕಳು. "ರ‍್ಯಾಂಡಮ್ ಅಲ್ರೀ ಸರ್, ಎಲ್ಲಿ ಬೇಕಾದ್ರೂ ಇರ್ತಾರ."

ವಿಷಯ ಏನಪ್ಪಾ ಅಂದರೆ, ಈ ನಂಬರುಗಳು ಬಿಡಿ ಬಿಡಿ ಅಕ್ಷರಗಳ ಸಾಲು ಅಲ್ಲ. ಒಂದೊಂದು ಭಾಗವೂ ಮತ್ತೊಂದು ಭಾಗದ ಕೈ ಹಿಡಿದಿರುತ್ತದೆ. ಪ್ಯಾನ್ ತೆಗೆದುಕೊಳ್ಳಿ. ಮೊದಲ ಮೂರು ಅಕ್ಷರ ಸುಮ್ಮನೆ ಒಂದು ಸರಣಿ. ನಾಲ್ಕನೆಯದು ನೀವು ಯಾರು ಅನ್ನುತ್ತದೆ: ವ್ಯಕ್ತಿಯಾದರೆ ಪಿ, ಕಂಪನಿಯಾದರೆ ಸಿ, ಪಾಲುದಾರಿಕೆಯ ಫರ್ಮ್ ಆದರೆ ಎಫ್, ಅವಿಭಕ್ತ ಹಿಂದೂ ಕುಟುಂಬವಾದರೆ ಎಚ್, ಟ್ರಸ್ಟ್ ಆದರೆ ಟಿ. ಐದನೆಯದು ವ್ಯಕ್ತಿಯ ಅಡ್ಡಹೆಸರಿನ ಮೊದಲಕ್ಷರ, ಸಂಸ್ಥೆಯಾದರೆ ಅದರ ಹೆಸರಿನ ಮೊದಲಕ್ಷರ. ಇನ್ನು ಜಿಎಸ್‌ಟಿ ನಂಬರಿನಲ್ಲಿ 15 ಸ್ಥಾನ. ಮೊದಲ ಎರಡು ರಾಜ್ಯದ ಕೋಡು, ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36. ಮುಂದಿನ ಹತ್ತು ಇದೇ ಪ್ಯಾನು. ಆಮೇಲೆ ಅದೇ ಪ್ಯಾನಿನ ಮೇಲೆ ಆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಅನ್ನುವುದು, ಸಾಮಾನ್ಯವಾಗಿ ಒಂದು ಝಡ್, ಕೊನೆಗೆ ಹಿಂದಿನ ಹದಿನಾಲ್ಕನ್ನೂ ಲೆಕ್ಕ ಹಾಕಿ ಬರುವ ಒಂದು ತಾಳೆ ಅಕ್ಷರ.

ಆ ತಾಳೆ ಅಕ್ಷರದ ಲೆಕ್ಕ ಚೆನ್ನಾಗಿದೆ, ಹೇಳಿಬಿಡುತ್ತೇನೆ. ಅಂಕಿಗಳಿಗೆ ಅವುಗಳದ್ದೇ ಬೆಲೆ, ಎ ಅಂದರೆ 10, ಬಿ ಅಂದರೆ 11, ಹೀಗೆ ಝಡ್‌ಗೆ 35. ಎಡದಿಂದ ಶುರುಮಾಡಿ ಒಂದನ್ನು 1ರಿಂದ, ಮುಂದಿನದನ್ನು 2ರಿಂದ, ಮತ್ತೆ 1ರಿಂದ, ಮತ್ತೆ 2ರಿಂದ ಗುಣಿಸುತ್ತ ಹೋಗಿ. ಬಂದ ಪ್ರತಿ ಗುಣಲಬ್ಧವನ್ನೂ 36ರಿಂದ ಭಾಗಿಸಿ ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡಿ. ಎಲ್ಲದರ ಮೊತ್ತವನ್ನು ಮತ್ತೆ 36ರಿಂದ ಭಾಗಿಸಿ, ಉಳಿದ ಶೇಷವನ್ನು 36ರಲ್ಲಿ ಕಳೆಯಿರಿ. ಮೊತ್ತ 221 ಬಂತು ಅಂದುಕೊಳ್ಳಿ. ಶೇಷ 5, ಕಳೆದರೆ 31, ಅಂದರೆ ವಿ ಅಕ್ಷರ. ಶೇಷ ಸೊನ್ನೆಯೇ ಬಂದರೆ ತಾಳೆ ಅಕ್ಷರವೂ ಸೊನ್ನೆಯೇ. ಬರೆಯುವಾಗ ಎಲ್ಲೋ ಒಂದು ಅಂಕಿ ತಪ್ಪಿದರೆ ಸಾಕು, ಕೊನೆಯ ಅಕ್ಷರ ಒಪ್ಪುವುದಿಲ್ಲ. ಇದರ ಮೂಲ ಉಪಾಯ ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಅನ್ನುವವರದ್ದು, 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ನಿಮ್ಮ ಜೇಬಿನ ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿಯೂ ಅದೇ ವಂಶದ್ದು. ಆಧಾರ್‌ನದು ಬೇರೆ ಮನೆತನ: ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಕೊಟ್ಟ ಲೆಕ್ಕ. ಲೂನ್ ಲೆಕ್ಕದಲ್ಲಿ 09 ಅನ್ನು 90 ಅಂತ ತಿರುವಿ ಬರೆದರೆ ಸಿಕ್ಕಿಬೀಳುವುದಿಲ್ಲ, ವೆರ್ಹೂಫ್ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಇರಲಿ, ವಿಷಯಕ್ಕೆ ಬರೋಣ. ಹುಡುಗಿಯ ಹತ್ತು ಸಾವಿರ ಗಿರಾಕಿಗಳಲ್ಲಿ ಒಬ್ಬರೂ ನಮ್ಮ ಸಾಫ್ಟ್‌ವೇರಿನ ಹೊಸ್ತಿಲು ದಾಟಲಿಲ್ಲ. ಎಲ್ಲರನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿತು. ಅಂದರೆ ನಾವು ಪರೀಕ್ಷೆ ಮಾಡಬೇಕಿದ್ದ ಒಳಗಿನ ತೆರಿಗೆ ಲೆಕ್ಕ ಪರೀಕ್ಷೆಯೇ ಆಗಲಿಲ್ಲ.

"ಹಂಗಾರ ಸರಿ ಬರೋ ತನಕ ತಿರುಗಿ ತಿರುಗಿ ಹಾಕಸ್ತೀನ್ರಿ, ಕಂಪ್ಯೂಟರಿಗೇನು ದಣಿವು ಅದಾ?" ಅಂದಳು.

ಕೂತು ಲೆಕ್ಕ ಹಾಕಿದೆವು. ರಾಜ್ಯದ ಕೋಡು ಹೊಂದಲು ನೂರಕ್ಕೆ ಒಂದು ಅವಕಾಶ. ನಾಲ್ಕನೇ ಅಕ್ಷರಕ್ಕೆ 26ಕ್ಕೆ ಒಂದು, ಐದನೆಯದಕ್ಕೆ ಮತ್ತೆ 26ಕ್ಕೆ ಒಂದು. ತಾಳೆ ಅಕ್ಷರಕ್ಕೆ 36ಕ್ಕೆ ಒಂದು. ಎಲ್ಲ ಗುಣಿಸಿದರೆ 24,33,600ಕ್ಕೆ ಒಂದು! ಒಬ್ಬ ನೆಟ್ಟಗಿನ ಪಾಟೀಲರು ಹುಟ್ಟಲು ಸರಾಸರಿ 24 ಲಕ್ಷ ಹೆರಿಗೆ. ಹತ್ತು ಸಾವಿರ ಜನ ಬೇಕಾದರೆ ಎರಡು ಸಾವಿರದ ನಾನೂರು ಕೋಟಿ ದಾಟುತ್ತದೆ. ಹುಡುಗಿ "ಅಯ್ಯ ಶಿವನೇ" ಅಂದು ಚಹಾ ಕಪ್ಪು ಕೆಳಗಿಟ್ಟಳು.

ದಾರಿ ಬಹಳ ಸರಳ. ಮೊದಲು ಮನುಷ್ಯ, ಆಮೇಲೆ ನಂಬರು. ಯಾವುದು ಯಾರನ್ನೂ ಅವಲಂಬಿಸಿಲ್ಲವೋ ಅದನ್ನು ಮಾತ್ರ ಚೀಟಿ ಎತ್ತಿ ಆರಿಸಬೇಕು: ಇವರು ವ್ಯಕ್ತಿಯೋ ಅಂಗಡಿಯೋ, ಹೆಸರೇನು, ಊರು ಯಾವುದು. ಊರಿನಿಂದ ಪಿನ್ ಕೋಡು, ರಾಜ್ಯದ ಕೋಡು. ವ್ಯಕ್ತಿಯೋ ಸಂಸ್ಥೆಯೋ ಅನ್ನುವುದರಿಂದ ನಾಲ್ಕನೇ ಅಕ್ಷರ, ಹೆಸರಿನಿಂದ ಐದನೆಯದು. ಸರಣಿ ಅಂಕಿಗಳು ಮಾತ್ರ ಮತ್ತೆ ಚೀಟಿ. ಎಲ್ಲ ಮುಗಿದ ಮೇಲೆ ತಾಳೆ ಅಕ್ಷರ. ಅದನ್ನು ಮೊದಲೇ ಆರಿಸಿದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆರಂಭದ ಸೀಡ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಅದೇ ಸೀಡ್ ಕೊಟ್ಟರೆ ನಾಳೆಯೂ ಅದೇ ಹತ್ತು ಸಾವಿರ ಜನ ಅದೇ ಸಾಲಿನಲ್ಲಿ ಬರುತ್ತಾರೆ, ಎಲ್ಲಿ ಕೆಟ್ಟಿತು ಅಂತ ಹುಡುಕಬಹುದು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ ಅಂದರೆ ಹಿಂದೆ ದುಡ್ಡಿದೆ. ಅಬಿಡ್ಸ್‌ನ ಸೀರೆ ವ್ಯಾಪಾರಿ ಇಳಕಲ್ಲಿನಿಂದ ಸೀರೆ ತರಿಸಿದರೆ ಅದು ಅಂತರರಾಜ್ಯ ವ್ಯವಹಾರ, ಶೇ. 5 ಐಜಿಎಸ್‌ಟಿ. ಅದೇ ಸೀರೆಯನ್ನು ಇಲ್ಲೇ ಸಿಕಂದರಾಬಾದಿನ ಅಂಗಡಿಗೆ ಮಾರಿದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಮೊತ್ತ ಒಂದೇ, ಖಾತೆ ಬೇರೆ. ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಮತ್ತೊಮ್ಮೆ ಕಟ್ಟಿ, ಮೊದಲಿನದನ್ನು ವಾಪಸ್ ಕೇಳಿಕೊಂಡು ಕೂರಬೇಕು. ಅಷ್ಟು ದಿನ ಆ ವ್ಯಾಪಾರಿಯ ಬಂಡವಾಳ ಸಿಕ್ಕಿಬಿದ್ದ ಹಾಗೇ.

ಇನ್ನೊಂದು ಎಚ್ಚರಿಕೆ. ಇಷ್ಟು ಚೆಂದ ಹೊಂದಿಸಿದ ಸುಳ್ಳು ನಂಬರು ಎಲ್ಲೋ ಯಾರದ್ದೋ ನಿಜವಾದ ನಂಬರೂ ಆಗಿರಬಹುದು. ಒಮ್ಮೆ ರಾತ್ರಿ ಎರಡು ಗಂಟೆಗೆ ನನ್ನ ಮೊಬೈಲಿಗೆ "ಪ್ರಿಯ ಟೆಸ್ಟ್ ಒನ್, ನಿಮ್ಮ ಸಾಲ ಮಂಜೂರಾಗಿದೆ" ಅಂತ ಒಂದೇ ಸಮನೆ ನಲವತ್ತು ಮೆಸೇಜು ಬಂದವು. ಯಾವುದೋ ಕಂಪನಿಯವರು ಬಾಯಿಗೆ ಬಂದ ಹತ್ತು ಅಂಕಿ ಹಾಕಿ ಪರೀಕ್ಷೆ ಮಾಡುತ್ತಿದ್ದರು, ಆ ಹತ್ತು ಅಂಕಿ ನಾನಾಗಿದ್ದೆ! ಅಮೆರಿಕದಲ್ಲಿ ಸಿನಿಮಾ ಕಥೆಗಳಿಗೆಂದೇ 555-0100ರಿಂದ 0199ರವರೆಗಿನ ಫೋನ್ ನಂಬರುಗಳನ್ನು ಎತ್ತಿಟ್ಟಿದ್ದಾರೆ. ನಾವು ನಮ್ಮ ಪರೀಕ್ಷೆಯ ಕಂಪ್ಯೂಟರಿನಿಂದ ಮೆಸೇಜು, ಮೇಲ್ ಯಾವುದೂ ಹೊರಗೆ ಹೋಗದಂತೆ ಬೀಗ ಜಡಿದಿದ್ದೇವೆ.

ಇಲ್ಲಿಯವರೆಗೆ ಎಲ್ಲ ಲೆಕ್ಕ. ಆದರೆ ಮುಂದಿನ ವಾರ ಹುಡುಗಿ ಬರೆದ ಒಂದು ನಿಯಮ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಪ್ಯಾನಿನ ಐದನೇ ಅಕ್ಷರ ಅಡ್ಡಹೆಸರಿನ ಮೊದಲಕ್ಷರಕ್ಕೆ ಹೊಂದದಿದ್ದರೆ ತಿರಸ್ಕರಿಸು." ನೋಡಲು ಸರಿಯಾಗೇ ಇದೆ. ನಾನೇ ಹೇಳಿಕೊಟ್ಟ ಸಂಬಂಧ ಅಲ್ಲವೇ?

ನನ್ನಾಕೆಯ ಪ್ಯಾನ್ ಕಾರ್ಡು ಮದುವೆಗೆ ಮುಂಚಿನದು. ತವರಿನ ಅಡ್ಡಹೆಸರು ಕೆ ಅಕ್ಷರದ್ದು, ನಮ್ಮದು ಪಿ. ಮದುವೆಯ ಮೇಲೆ ಕಾರ್ಡಿನಲ್ಲಿ ಹೆಸರು ಬದಲಾಯಿತು, ನಂಬರು ಬದಲಾಗಲಿಲ್ಲ. ಬದಲಾಗುವುದೂ ಇಲ್ಲ, ಒಮ್ಮೆ ಕೊಟ್ಟ ಪ್ಯಾನು ಜೀವನಪೂರ್ತಿ ಅದೇ. ಹಿಂದೊಮ್ಮೆ ಆಕೆ ತನ್ನ ಉಳಿತಾಯದ ದುಡ್ಡು ಹಾಕಲು ಒಂದು ಹಣಕಾಸು ಕಂಪನಿಯ ಫಾರಂ ತುಂಬುತ್ತಿದ್ದಾಗ "ಹೆಸರು ಮತ್ತು ಪ್ಯಾನ್ ಹೊಂದುತ್ತಿಲ್ಲ" ಅಂತ ಮೂರು ಸಲ ಕೆಂಪು ಅಕ್ಷರ ಬಂತು. ಹುಡುಗಿ ಬರೆದಂಥದೇ ನಿಯಮವನ್ನು ಅಲ್ಲಿಯೂ ಯಾರೋ ಬರೆದಿದ್ದರು. ನಾನು ಕಾರಣ ವಿವರಿಸಿದಾಗ ಆಕೆ ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡ್ರಿ, ನಂಬರಾರೆ ನನ್ನ ತವರಮನಿ ನೆನಪ ಇಟ್ಕೊಂಡದ" ಅಂದಳು.

ಹುಡುಗಿಗೆ ಇದನ್ನು ಹೇಳಿದೆ. ಭಾಗಗಳ ನಡುವಿನ ಸಂಬಂಧ ನಂಬರು ಹುಟ್ಟಿದ ದಿನಕ್ಕೆ ಸೇರಿದ್ದು, ಇವತ್ತಿನ ದಿನಕ್ಕಲ್ಲ. ನಾಳೆ ನಿನ್ನ ನಿಯಮ ಯಾರನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ ಗೊತ್ತಾ? ಗಂಡನ ಮನೆಯ ಹೆಸರು ಹಚ್ಚಿಕೊಂಡ ಹೆಂಗಸರನ್ನು. ಮೈಸೂರು ಕಡೆಯವರ ಕಥೆಯೂ ಒಂದಿಷ್ಟಿದೆ. ಅವರಲ್ಲಿ ಬಹಳ ಜನಕ್ಕೆ ಅಡ್ಡಹೆಸರೇ ಇಲ್ಲ. ಊರಿನ ಒಂದು ಇನಿಷಿಯಲ್, ಅಪ್ಪನ ಒಂದು ಇನಿಷಿಯಲ್, ಕೊನೆಗೆ ತಾನು. ಪ್ಯಾನ್ ಅರ್ಜಿಯಲ್ಲಿ ಒಂಟಿ ಹೆಸರಿನವರು ಆ ಹೆಸರನ್ನೇ ಅಡ್ಡಹೆಸರಿನ ಖಾನೆಯಲ್ಲಿ ಬರೆಯಬೇಕು. ಒಬ್ಬರಿಗೆ ಐದನೇ ಅಕ್ಷರ ಅಪ್ಪ, ಇನ್ನೊಬ್ಬರಿಗೆ ಊರು, ಮತ್ತೊಬ್ಬರಿಗೆ ತಾನೇ.

ನಿಯಮ ತೆಗೆಸಿದೆವು. ಬದಲಿಗೆ ಸುಳ್ಳು ಗಿರಾಕಿಗಳಿಗೆ ಎರಡು ಹೆಸರು ಕೊಟ್ಟೆವು: ನಂಬರು ಪಡೆದಾಗಿನದು, ಈಗಿನದು. ಹುಡುಗಿ ಕೋಡ್ ಬರೆಯುತ್ತ "ಸರ್, ಹಂಗಾರ ನನ್ನ ನಂಬರೂ ಯಾವಾಗ್ಲೂ ನಮ್ಮ ಅಪ್ಪಂದೇ ಅಲ್ರೀ?" ಅಂದಳು. ಹೌದವ್ವ ಅಂದೆ.

ದಿನಾಂಕದ ಈ ಮಾತು ಹೈದರಾಬಾದಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಹಳೇ ಸ್ಕೂಟರ್ ಎಪಿ. 2014ರ ಜೂನ್ 2ರಂದು ತೆಲಂಗಾಣ ಆದ ಮೇಲೆ ಕೊಂಡ ಕಾರು ಟಿಎಸ್. 2024ರ ಮಾರ್ಚಿನಿಂದ ನೋಂದಣಿಯಾದ ಗಾಡಿಗಳೆಲ್ಲ ಟಿಜಿ. ಮೂರೂ ಒಂದೇ ಬೀದಿಯಲ್ಲಿ ನಿಂತಿರುತ್ತವೆ, ಯಾವುದೂ ಸುಳ್ಳಲ್ಲ. ಇಲ್ಲೇ ಗನ್‌ಫೌಂಡ್ರಿಯಲ್ಲಿ ಮುಖ್ಯ ಕಚೇರಿ ಇದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಎರಡೂ 2017ರ ಏಪ್ರಿಲ್ 1ರಂದು ದೊಡ್ಡ ಸ್ಟೇಟ್ ಬ್ಯಾಂಕಿನೊಳಗೆ ಕರಗಿದವು. 2016ರ ಚೆಕ್ ಎಂದರೆ ಹಳೇ ಐಎಫ್‌ಎಸ್‌ಸಿ ಇರಬೇಕು, ಈಗಿನದಕ್ಕೆ ಇರಬಾರದು.

ನನ್ನೂರು ಸೇಡಂ ಕಡೆ. 1956ರ ನವೆಂಬರ್ 1ರವರೆಗೆ ಅದೂ ಹೈದರಾಬಾದ್ ರಾಜ್ಯವೇ. ನಮ್ಮ ಅಜ್ಜ ಕೋರ್ಟು ಕಚೇರಿ ಅಂತ ಇಲ್ಲಿಗೆ ಬಂದರೆ ಪರರಾಜ್ಯಕ್ಕೆ ಬಂದ ಲೆಕ್ಕ ಇರಲಿಲ್ಲ. ನಾನು 1994ರಲ್ಲಿ ಅದೇ ರೈಲು ಹಿಡಿದು ಬಂದವನು ವಲಸಿಗ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಶುರುವಾದಾಗ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಗೆ 500001 ಸಿಕ್ಕಿತು, ಕಲಬುರಗಿ ಕಡೆಗೆ 585. ಮೊದಲ ಅಂಕಿ ಎರಡಕ್ಕೂ 5. ಆಂಧ್ರ, ತೆಲಂಗಾಣ, ಕರ್ನಾಟಕ ಮೂರಕ್ಕೂ ಅದೇ ಅಂಚೆ ವಲಯ. ಎರಡನೇ ಅಂಕಿಯಲ್ಲಿ ದಾರಿ ಬೇರೆಯಾಗುತ್ತದೆ. ಅಂಚೆಯವರಿಗೆ ಭಾವನೆ ಏನೂ ಇರಲಿಲ್ಲ, ಟಪಾಲು ವಿಂಗಡಿಸುವ ಅನುಕೂಲ ಅಷ್ಟೇ. ಆದರೂ ಊರಿಗೆ ಕಾಗದ ಬರೆಯುತ್ತಿದ್ದ ದಿನಗಳಲ್ಲಿ ಆ ಮೊದಲ 5 ಬರೆಯುವಾಗ ಕೈಗೆ ಅಭ್ಯಾಸವಾದ ಅಂಕಿ ಅನ್ನಿಸುತ್ತಿತ್ತು.

ನೀವು ಪುಣೆಯಲ್ಲಿರಿ, ದುಬೈಯಲ್ಲಿರಿ, ನ್ಯೂಜೆರ್ಸಿಯಲ್ಲಿರಿ, ಪ್ಯಾನ್ ಕಾರ್ಡ್ ಇದ್ದರೆ ಒಮ್ಮೆ ತೆಗೆದು ಐದನೇ ಅಕ್ಷರ ನೋಡಿ. ಅಪ್ಪನೋ, ಊರೋ, ತವರೋ ಅಂತ ಗೊತ್ತಾದರೆ ಕೆಳಗೆ ಬರೆಯಿರಿ. ನಂಬರನ್ನು ಮಾತ್ರ ಬರೆಯಬೇಡಿ, ಮಾರಾಯ್ರೇ.