ಬಾದಾಮಿಯ ಮೆಟ್ಟಿಲು, ಕೊರಳಿನ ಭಾರ

ಮಕ್ಕಳು ಕ್ಯಾಮರಾ ಕೇಳಿದಾಗ ಪಾಲಕರು ನೋಡುವುದು ಬೆಲೆ. ಮಕ್ಕಳು ನೋಡುವುದು ಗಾತ್ರ; ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ತೂಕವನ್ನು ಮಾತ್ರ ಇಬ್ಬರೂ ನೋಡುವುದಿಲ್ಲ. ಅಂಗಡಿಯ ಗಾಜಿನ ಮೇಜಿನ ಮೇಲೆ ಇಟ್ಟ ಕ್ಯಾಮರಾಕ್ಕೆ ತೂಕವೇ ಇರುವುದಿಲ್ಲವಲ್ಲ!

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಳೆ. ಇಳಕಲ್ಲಿನ ಮಗ್ಗಗಳ ಬಗ್ಗೆ ಚಿತ್ರಸಹಿತ ಪ್ರಬಂಧವೊಂದನ್ನು ಆಕೆ ಬರೆಯಬೇಕಿತ್ತು. ಇಳಕಲ್ ಆಕೆಯ ಅಜ್ಜಿಯ ಊರು. ಎಪ್ಪತ್ತು ದಾಟಿದ ಆ ಅಜ್ಜಿ ಇಂದಿಗೂ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ಅವರ ನಂತರ ಆ ಕುಣಿಗೆ ಇಳಿಯುವವರು ಮನೆಯಲ್ಲಿ ಯಾರೂ ಇಲ್ಲ. ತಂದೆ ಕೂಡಿಟ್ಟ ಹಣ ಒಂದು ಸಲದ ಖರೀದಿಗೆ ಸಾಲುವಷ್ಟು. ‘ದೊಡ್ಡದೋ, ಸಣ್ಣದೋ, ನೀವ ಹೇಳ್ರಿ ಸರ್’ ಎಂದು ಅವರು ಕೇಳಿದರು. ಪ್ರಯೋಗ ಮಾಡದೆ ಉತ್ತರ ಹೇಳುವುದು ವಿಜ್ಞಾನದ ಮಾಸ್ತರನಿಗೆ ಶೋಭಿಸದು. ಲಗ್ನದ ಫೋಟೊ ತೆಗೆಯುವ ಪರಿಚಯದವರಿಂದ ದೊಡ್ಡ ಕ್ಯಾಮರಾವನ್ನು ಎರಡು ದಿನಕ್ಕೆಂದು ಕೇಳಿ ತಂದೆವು. ಸಣ್ಣದು ನನ್ನಲ್ಲಿಯೇ ಇತ್ತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದೊಡ್ಡದು ಎರಡು ಲೆನ್ಸು, ಮೂರು ಕಾಲಿನ ಸ್ಟ್ಯಾಂಡು, ಚೀಲ ಎಲ್ಲ ಸೇರಿ ಐದೂವರೆ ಕಿಲೊ ತೂಗಿತು. ಸಣ್ಣದು ಚೀಲ ಸಹಿತ 700 ಗ್ರಾಂ. ಡಿಸೆಂಬರಿನ ಒಂದು ಬೆಳಿಗ್ಗೆ ಮೂವರೂ ಬಾಗಲಕೋಟೆಯಿಂದ ಹೊರಟೆವು.

ಮೊದಲ ಪಂದ್ಯ ದೊಡ್ಡದು ಗೆದ್ದಿತೆಂದು ಪ್ರಾಮಾಣಿಕವಾಗಿ ಹೇಳಬೇಕು. ಹಳೆಯ ಬಾಗಲಕೋಟೆಯ ಒಂದಷ್ಟು ಭಾಗವನ್ನು ನುಂಗಿದ ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಆ ಬೆಳಿಗ್ಗೆ ದೂರದ ಕೆಸರಿನಲ್ಲಿ ಒಂದಷ್ಟು ನಿಂತಿದ್ದವು. ದೊಡ್ಡ ಕ್ಯಾಮರಾದ ಉದ್ದ ಲೆನ್ಸಿನಲ್ಲಿ ಅವುಗಳ ಬಾಗಿದ ಕೊಕ್ಕು ಕೂಡ ಕಂಡಿತು. ಸಣ್ಣದರಲ್ಲಿ ಕಂಡದ್ದು ಗುಲಾಬಿ ಚುಕ್ಕೆಗಳು. ಹಕ್ಕಿಗಳ ಹುಚ್ಚಿರುವವರು ಭಾರ ಹೊರಲೇಬೇಕು, ಬೇರೆ ದಾರಿಯಿಲ್ಲ.

ಖಣಗಳ ಊರು ಗುಳೇದಗುಡ್ಡ ದಾಟಿ ಬಾದಾಮಿ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ನಾಲ್ಕು ಗುಹಾಲಯಗಳು ಒಂದರ ಮೇಲೊಂದರಂತೆ ಗುಡ್ಡದ ಮೈಯಲ್ಲಿವೆ. ಎರಡನೆಯದಕ್ಕೆ ಹತ್ತುವಾಗಲೇ ಹುಡುಗಿ ಚೀಲದ ಪಟ್ಟಿಯನ್ನು ಎಡ ಹೆಗಲಿನಿಂದ ಬಲಕ್ಕೆ ಬದಲಿಸಿದ್ದಳು. ಮಂಗಗಳು ಚೀಲದ ಮೇಲೆ ಕಣ್ಣಿಟ್ಟಿದ್ದವು. ಲೆನ್ಸು ಬದಲಿಸಲು ಚೀಲ ಬಿಚ್ಚಿದಾಗಲೆಲ್ಲ ತಂದೆ ಕೋಲು ಹಿಡಿದು ಕಾವಲು ನಿಲ್ಲಬೇಕಾಯಿತು.

ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಮಂಗಳೇಶನ ಶಾಸನದಿಂದ ಅದರ ಕಾಲ ಕ್ರಿ.ಶ. 578 ಎಂದು ಖಚಿತವಾಗಿ ತಿಳಿಯುತ್ತದೆ. ಪಡಸಾಲೆಯ ಕೊನೆಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಬ್ಬು. ದೊಡ್ಡ ಕ್ಯಾಮರಾ ಇಲ್ಲೂ ಗೆಲ್ಲುತ್ತದೆ ಎಂದೇ ಹುಡುಗಿಯ ಎಣಿಕೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಬೆಳಕು ಗ್ರಹಿಸುವ ಅದರ ಫಲಕ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ, ಅಂದರೆ 864 ಚದರ ಮಿ.ಮೀ. ಸಣ್ಣದರ ಫಲಕ 17.3ಕ್ಕೆ 13, ಸುಮಾರು 225. ಹೆಚ್ಚುಕಡಿಮೆ ಕಾಲು ಭಾಗ. ಆದರೆ ಬೆಳಕು ಮೊದಲು ಹಾಯುವುದು ಲೆನ್ಸಿನ ಬಾಯಿಯಿಂದ. ಎರವಲು ತಂದ ಜೂಮ್ ಲೆನ್ಸನ್ನು 50 ಮಿ.ಮೀ.ಗೆ ಇಟ್ಟಾಗ ಅದರ ಬಾಯಿ ತೆರೆಯುವುದು ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲು, 12.5 ಮಿ.ಮೀ. ಅಷ್ಟೇ ನೋಟ ಕೊಡುವ ಸಣ್ಣದರ ಲೆನ್ಸು 25 ಮಿ.ಮೀ.ನದು; 25ನ್ನು 1.8ರಿಂದ ಭಾಗಿಸಿದರೆ ಸುಮಾರು 14 ಮಿ.ಮೀ. ಬಾಯಿ. ಅಂದರೆ ಒಳಗೆ ಬರುವ ಒಟ್ಟು ಬೆಳಕು ಸಣ್ಣದರಲ್ಲಿಯೇ ತುಸು ಹೆಚ್ಚು!

ದೊಡ್ಡದಕ್ಕೂ ಅಂಥ ಅಗಲ ಬಾಯಿಯ ಲೆನ್ಸು ಹಾಕಿದರೆ? ಆಗ ಅದೇ ನಾಲ್ಕು ಪಟ್ಟು ಮುಂದು, ಸಂಶಯವಿಲ್ಲ. ಆದರೆ ಬಾಯಿ ಅಗಲವಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿರುವ ಆಳ ಕಡಿಮೆಯಾಗುತ್ತದೆ. ಹತ್ತಿರದ ಕಂಬವೂ ದೂರದ ವಿಷ್ಣುವೂ ಎರಡೂ ಸ್ಪಷ್ಟವಾಗಿ ಬೇಕೆಂದರೆ ಬಾಯಿಯನ್ನು ಮತ್ತೆ ಕಿರಿದು ಮಾಡಬೇಕು. ಕಿರಿದು ಮಾಡಿದರೆ ಹೆಚ್ಚು ಹೊತ್ತು ಬೆಳಕು ಕೊಡಬೇಕು, ಅದಕ್ಕೆ ಸ್ಟ್ಯಾಂಡು ಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಸ್ಟ್ಯಾಂಡು ಹೂಡುವಂತಿಲ್ಲ. ಹೊತ್ತು ತಂದ ಸ್ಟ್ಯಾಂಡು ಮೆಟ್ಟಿಲ ಮೇಲೆ ತಂದೆಯವರಿಗೆ ಊರುಗೋಲಾಯಿತು.

ಭಾರದ ಈ ಚಿಂತೆ ಈ ನೆಲಕ್ಕೆ ಹೊಸದಲ್ಲ. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಛಾಯಾಗ್ರಾಹಕನನ್ನಾಗಿ ನೇಮಿಸಿ, ಶಿಲ್ಪ ಶಾಸನಗಳ ಚಿತ್ರ ತೆಗೆಯಲು ಕಳಿಸಿತು. ಗಾಜಿನ ಮೇಲೆ ಚಿತ್ರ ತೆಗೆಯುವ ಕೊಲೋಡಿಯನ್ ವಿಧಾನವನ್ನು 1851ರಲ್ಲಿಯೇ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ್ದ. ಗಾಜಿನಲ್ಲಿ ಚಿತ್ರ ಬಹಳ ಸ್ಪಷ್ಟ. ಆದರೆ ಲೇಪನ ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ಹೋದಲ್ಲೆಲ್ಲ ಕತ್ತಲೆಯ ಡೇರೆ, ಔಷಧದ ಬಾಟಲಿ, ಗಾಜಿನ ಪೆಟ್ಟಿಗೆ ಹೊರಬೇಕು. ಬಿಗ್ಸ್ ಬಳಸಿದ್ದು ಟಾಲ್‌ಬಟ್ ಕಂಡುಹಿಡಿದ ಹಳೆಯ ಕಾಗದದ ನೆಗೆಟಿವ್. ಕಾಗದದ ನಾರು ಚಿತ್ರದಲ್ಲಿ ತುಸು ಮಬ್ಬಾಗಿ ಕಾಣುತ್ತದೆ ನಿಜ, ಆದರೆ ಹಗುರ. ಅದೇ ಡಿಸೆಂಬರಿನಲ್ಲಿ ಸೈನ್ಯ ಮರಳಿ ಕರೆಸುವುದರೊಳಗೆ ಆತ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೊದಲಾದೆಡೆ ಸುತ್ತಿ ನೂರಕ್ಕೂ ಹೆಚ್ಚು ನೆಗೆಟಿವ್ ತೆಗೆದಿದ್ದ. ಕೆಲಸ ಮುಂದುವರಿಸಿದವನು ಡಾ. ಪಿಗೂ. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಗ್ರಂಥವಾಗಿ ಬಂದವು. ರೈಲಿಲ್ಲದ ಆ ಕಾಲದಲ್ಲಿ ಹಗುರವಾದದ್ದನ್ನು ಹಿಡಿದು ಹೋದದ್ದರಿಂದ ಅಷ್ಟು ಊರುಗಳು ನಮಗೆ ಸಿಕ್ಕವು ಎಂದೇ ನನಗನಿಸುತ್ತದೆ.

ಮರುದಿನ ಪಟ್ಟದಕಲ್ಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಯಲಿನ ಬೆಳಕಿನಲ್ಲಿ ಎರಡೂ ಕ್ಯಾಮರಾಗಳ ಚಿತ್ರ ಒಂದೇ ತೆರ. (ಕಿಸೆಯ ಮೊಬೈಲು ಸಹ ಅಂಥಲ್ಲಿ ಸಾಕು, ಅದನ್ನು ಹೇಳಿದರೆ ಹುಡುಗರಿಗೆ ಸಿಟ್ಟು.) ಹುನಗುಂದ ತಾಲೂಕಿಗೆ ಸೇರಿದ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಬೇಕಾಯಿತು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ್ದನ್ನು ಹೇಳುವ, ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವುದು ಅಲ್ಲಿಯ ಗೋಡೆಯಲ್ಲಿ. ಅಕ್ಷರಗಳ ಕೊರೆತ ತೆಳು. ನೇರ ಬೆಳಕಿನಲ್ಲಿ ಏನೂ ಕಾಣದು. ಓರೆ ಬೆಳಕು ಬಿದ್ದಾಗ ಪ್ರತಿ ಅಕ್ಷರಕ್ಕೂ ಒಂದು ನೆರಳು. ಆ ಗಳಿಗೆಗಾಗಿ ಕಾಯಬೇಕು. ದೊಡ್ಡ ಚೀಲವನ್ನು ಹುಡುಗಿ ತಾನಾಗಿಯೇ ಕೆಳಗೆ ತಂದೆಯ ಬಳಿ ಬಿಟ್ಟು ಬಂದಿದ್ದಳು. ನಾನೇನೂ ಹೇಳಿರಲಿಲ್ಲ.

ಅಮೀನಗಡದಲ್ಲಿ ಕರದಂಟು ಕೊಂಡೆವು. ಅಲ್ಲಿಗೆ ಹೋಗಿ ಕೊಳ್ಳದೆ ಬಂದವರುಂಟೆ? ಹುನಗುಂದದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ತಂದೆ ಲೆಕ್ಕ ಹಾಕಿದರು. ದೊಡ್ಡದರ ದೇಹಕ್ಕೇ ಕೂಡಿಟ್ಟ ಹಣವೆಲ್ಲ ಹೋಗುತ್ತದೆ, ಲೆನ್ಸಿಗೆ ಮತ್ತೆ ಸಾಲ. ಸಣ್ಣದಾದರೆ ಲೆನ್ಸೂ ಬಂದು, ಮಗಳು ಒಂದು ವರ್ಷ ಇಳಕಲ್ಲಿಗೆ ಹೋಗಿಬರುವ ಬಸ್ ಚಾರ್ಜೂ ಉಳಿಯುತ್ತದೆ. ‘ಇದರಾಗ ಚೊಲೊ ಬರ್ತೈತೇನವಾ?’ ಎಂದು ಮಗಳನ್ನೇ ಕೇಳಿದರು. ‘ಆಯಿ ಮನ್ಯಾಗ ನೋಡೂಣು’ ಎಂದಳು ಅವಳು.

ಇಳಕಲ್ ಸೀರೆಯ ಮರ್ಮವಿರುವುದು ಜೋಡಣೆಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸುತ್ತಾರೆ. ತೋಪು ತೆನೆಯ ಸೆರಗು ಶುರುವಾಗುವುದು ಅಲ್ಲಿಂದ. ಆ ಸಂದು ಚಿತ್ರದಲ್ಲಿ ಸಿಗಬೇಕು. ಮಗ್ಗದ ಕೋಣೆಗೆ ಒಂದೇ ಕಿಟಕಿ. ದೊಡ್ಡ ಕ್ಯಾಮರಾ ಎತ್ತಿದೊಡನೆ ಅಜ್ಜಿ ಲಾಳಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಲಗ್ನದ ಫೋಟೊಕ್ಕೆ ಕುಳಿತಂತೆ ಕುಳಿತರು. ‘ನೇಯಿ ಆಯಿ’ ಎಂದರೆ ನಕ್ಕರು, ನೇಯಲಿಲ್ಲ.

ಸಣ್ಣದರ ಪರದೆ ಮೇಲ್ಮುಖವಾಗಿ ಮಡಚುತ್ತದೆ. ಹುಡುಗಿ ಅದನ್ನು ಕುಣಿಯ ಅಂಚಿಗೆ, ನೆಲದ ಮೇಲೆಯೇ ಇಟ್ಟಳು. ಅಲುಗಾಡದ ನೆಲವೇ ಸ್ಟ್ಯಾಂಡು. ಅಪ್ಪ ಮಗಳು ಊರಿನ ಮಾತಿಗೆ ತೊಡಗಿದರು. ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ತಾನಾಗಿ ಶುರುವಾಯಿತು. ಮೂವತ್ತು ನಲವತ್ತು ಚಿತ್ರಗಳಲ್ಲಿ ಕೈ ಅಲುಗಿದವೇ ಹೆಚ್ಚು. ಒಂದರಲ್ಲಿ ಮಾತ್ರ ಎರಡು ಬೆರಳು, ಕೆಂಪು ಎಳೆ, ಕೊಂಡಿ ಎಲ್ಲ ಎಣಿಸುವಷ್ಟು ಸ್ಪಷ್ಟ. ಪರದೆಯ ಮೇಲೆ ಅದನ್ನು ಹಿಗ್ಗಿಸಿ ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಇಲ್ಲೊಂದು ಎಳಿ ಹರದೈತಿ ನೋಡ’ ಎಂದವರೇ ಮತ್ತೆ ಮಗ್ಗದ ಕಡೆ ತಿರುಗಿದರು.