ಹಸಿರು ಟಿಕ್ಕು

ಪುಣೆಯಲ್ಲಿ ನಾನು ಏನು ಕೆಲಸ ಮಾಡುತ್ತೇನೆಂದು ಗದಗಿನಲ್ಲಿ ಯಾರಾದರೂ ಕೇಳಿದರೆ ಅವ್ವ, "ಮಂದಿ ಮನ್ಯಾಗ ಗ್ವಾಡಿ ಬಡದು ನೋಡ್ತಾನ" ಅನ್ನುತ್ತಾಳೆ. ತಪ್ಪೇನಿಲ್ಲ. ಬಿಲ್ಡರ್ ಕೀಲಿ ಕೊಡುವ ಮೊದಲು ಹೊಸ ಫ್ಲ್ಯಾಟು ನೋಡಿ ವರದಿ ಕೊಡುವುದು ನಮ್ಮ ಕೆಲಸ. ಟೈಲ್ಸ್ ಮೇಲೆ ಕೋಲಿನಿಂದ ತಟ್ಟಿದರೆ ಕೆಳಗೆ ಟೊಳ್ಳಿದೆಯೋ ಇಲ್ಲವೋ ಸದ್ದೇ ಹೇಳುತ್ತದೆ. ಗೋಡೆಯ ತೇವಕ್ಕೆ ಮೀಟರು, ಕಾರ್ಪೆಟ್ ಏರಿಯಾಕ್ಕೆ ಲೇಸರು.

ನೋಡುವುದಕ್ಕೆ ಮೂರು ತಾಸು ಸಾಕು. ಬರೆಯುವುದಕ್ಕೆ ಮಾತ್ರ ಎರಡು ರಾತ್ರಿ ಹೋಗುತ್ತಿತ್ತು. ಇನ್ನೂರು ಫೋಟೋಗಳಲ್ಲಿ ಈ ಬಿರುಕು ಅಡುಗೆಮನೆಯದೋ ಹಾಲಿನದೋ ಎಂದು ತಲೆ ಕೆರೆದುಕೊಳ್ಳುತ್ತ ಕೂರಬೇಕು. ಕೊನೆಗೆ ನಾನೂ ನನ್ನ ಪಾಲುದಾರನೂ ಸೇರಿ ವರದಿ ಬರೆಯುವ ಸಾಫ್ಟ್‌ವೇರ್ ಕೊಂಡೆವು.

ಕೊಂಡ ದಿನವೇ ಕೆಲಸ ಹಗುರಾಗುತ್ತದೆ ಎಂದುಕೊಂಡಿದ್ದೆ. ಅದು ಖಾಲಿ ಕಪಾಟು, ತುಂಬಬೇಕಾದವರು ನಾವು. ಕೋಣೆಗಳ ಪಟ್ಟಿ, ಪ್ರತಿ ಕೋಣೆಯಲ್ಲಿ ನೋಡಬೇಕಾದ ಅಂಶಗಳು, ಪ್ರತಿ ಅಂಶಕ್ಕೆ ಸಿದ್ಧ ವಾಕ್ಯಗಳು. ಅದರ ಮೂಲ ಪಟ್ಟಿಯಲ್ಲಿ ಚಿಮಣಿ, ನೆಲಮಾಳಿಗೆ, ಹಿಮ ತಡೆಯುವ ಛಾವಣಿ ಎಲ್ಲ ಇದ್ದವು. ನಹಾಣಿ ಟ್ರ್ಯಾಪ್ ಇರಲಿಲ್ಲ, ಬಟ್ಟೆ ಒಣಹಾಕುವ ಡ್ರೈ ಬಾಲ್ಕನಿ ಇರಲಿಲ್ಲ. ಇಡೀ ದೀಪಾವಳಿ ರಜೆ ಅದಕ್ಕೇ ಹೋಯಿತು. ಒಂದು ಒಳ್ಳೆಯದನ್ನು ಮಾತ್ರ ಮಾಡಿದೆವು: ನೆಟ್‌ವರ್ಕ್ ಇಲ್ಲದಿದ್ದರೂ ಫೋಟೋ ಅದರ ಕೋಣೆಯಲ್ಲೇ ಕೂರುವಂತೆ ಹೊಂದಿಸಿದೆವು. ಖಾಲಿ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು?

ಒಂದು ಕೆಟ್ಟದ್ದನ್ನೂ ಮಾಡಿದೆವು. ಬಹುತೇಕ ಅಂಶಗಳು ಸರಿಯಾಗಿಯೇ ಇರುತ್ತವಲ್ಲ, ಪ್ರತಿಯೊಂದನ್ನೂ ಒತ್ತುವುದೇಕೆ ಎಂದು ಎಲ್ಲಕ್ಕೂ ಮೊದಲೇ "ಸರಿ ಇದೆ" ಎಂದು ಹಾಕಿಟ್ಟೆವು. ದೋಷ ಕಂಡರೆ ಮಾತ್ರ ಬದಲಿಸುವುದು. ವರದಿ ನಲವತ್ತು ನಿಮಿಷಕ್ಕೆ ಇಳಿಯಿತು. ಸಾಲು ಸಾಲು ಹಸಿರು ಟಿಕ್ಕು, ನೋಡಲು ಬಲು ಚೆಂದ.

ರಾವೆತ್‌ನ ಒಂದು ಫ್ಲ್ಯಾಟಿಗೆ ಹೋದ ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಮೋಟರಿನ ಕೆಲಸ ನಡೆದಿದೆ, ನಾಳೆ ಬನ್ನಿ ಅಂದರು. ಆ ನಾಳೆ ನನಗೆ ಖರಾಡಿಯಲ್ಲಿ ಬೇರೆ ಕೆಲಸವಿತ್ತು. ಮರೆತೆ. ವರದಿ ಹೋಯಿತು.

ಎರಡು ತಿಂಗಳಾದ ಮೇಲೆ ಫೋನು. ಮನೆ ಕೊಂಡವರು ಹಿಂಜವಡಿಯಲ್ಲಿ ಕೆಲಸ ಮಾಡುವ ಹುಡುಗ. ಮಾತಾಡಿದವರು ಅವನ ತಂದೆ, ಜಮಖಂಡಿಯ ನಿವೃತ್ತ ಮಾಸ್ತರರು. ಬಚ್ಚಲಿನ ಆಚೆ ಬದಿಯ ಬೆಡ್‌ರೂಮಿನ ಗೋಡೆಯಲ್ಲಿ ಬಣ್ಣ ಉಬ್ಬಿ ಏಳುತ್ತಿತ್ತಂತೆ. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ತಮ್ಮಾ, ಸೋರಿಕೆ ಇಲ್ಲ ಅಂತ ಬರದೀರಿ. ನೀರ ಬಿಟ್ಟ ನೋಡಿದ್ರೇನು?"

ನನಗೆ ಬಾಯಿ ಬರಲಿಲ್ಲ.

ರೇರಾ ಕಾಯ್ದೆಯ ಪ್ರಕಾರ ಕೀಲಿ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸಗಾರಿಕೆಯ ದೋಷ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಿಂದಲೇ ಸರಿಪಡಿಸಬೇಕು. ಹಕ್ಕು ಅವರಿಗಿತ್ತು. ಆದರೆ ಬಿಲ್ಡರನ ಸೈಟ್ ಎಂಜಿನಿಯರು ನಮ್ಮದೇ ವರದಿಯ ಹಾಳೆ ಮುಂದಿಟ್ಟು, ಕೀಲಿ ಕೊಟ್ಟಾಗ ಎಲ್ಲ ಸರಿಯಿತ್ತು, ಆಮೇಲೆ ನೀವೇ ಏನೋ ಕೊರೆಸಿದ್ದೀರಿ ಅಂದಿದ್ದ. ನಾನು ದುಡ್ಡು ತೆಗೆದುಕೊಂಡು ಬರೆದ ಹಾಳೆ ಅದು.

ಮರುದಿನ ಹೋದೆ. ನಹಾಣಿ ಟ್ರ್ಯಾಪಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿದೆ, ಹೊಸ್ತಿಲ ಹತ್ತಿರ ಪೆನ್ಸಿಲಿನಿಂದ ಗುರುತು ಮಾಡಿದೆ. ಮಾಸ್ತರರು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಕೂತರು. ಚಹಾ ಮಾತ್ರ ಎರಡು ಸಲ ಬಂತು. ಇಪ್ಪತ್ನಾಲ್ಕು ತಾಸಿನ ಮೇಲೆ ನೀರು ಗುರುತಿಗಿಂತ ಕೆಳಗಿತ್ತು, ಕೆಳಗಿನ ಫ್ಲ್ಯಾಟಿನ ಬಚ್ಚಲ ಮಾಳಿಗೆಯಲ್ಲಿ ಒದ್ದೆ. ಹಳೆಯ ವರದಿ ತಪ್ಪು, ಅವತ್ತು ಬಚ್ಚಲು ಪರೀಕ್ಷಿಸಿರಲಿಲ್ಲ ಎಂದು ಸಹಿ ಹಾಕಿ ಬರೆದುಕೊಟ್ಟೆ. ಕೈ ನಡುಗಿತು, ಸುಳ್ಳೇಕೆ ಹೇಳಲಿ. ಮೂರು ವಾರದ ನಂತರ ಬಿಲ್ಡರನ ಮಂದಿ ಬಂದು ಟೈಲ್ಸ್ ಕಿತ್ತು ಮತ್ತೆ ವಾಟರ್‌ಪ್ರೂಫಿಂಗ್ ಮಾಡಿದರು.

ಈಗ ನಮ್ಮ ಪಟ್ಟಿಯಲ್ಲಿ ಎಲ್ಲ ಅಂಶಗಳೂ ಮೊದಲಿಗೆ "ನೋಡಿಲ್ಲ" ಎಂದೇ ಇರುತ್ತವೆ. ಫೋಟೋ ಇಲ್ಲದೆ "ಸರಿ" ಒತ್ತಲು ಬರುವುದಿಲ್ಲ. ನೋಡದಿದ್ದರೆ ಕಾರಣ ಬರೆಯದೆ ವರದಿ ಮುಗಿಯುವುದಿಲ್ಲ. ನಲವತ್ತು ನಿಮಿಷ ಒಂದೂವರೆ ತಾಸಾಗಿದೆ. ಪಾಲುದಾರ ಗೊಣಗುತ್ತಾನೆ. ದುಡ್ಡು ಕೊಟ್ಟು "ನೋಡಿಲ್ಲ" ಅಂತ ಬರೆಸಿಕೊಳ್ಳಬೇಕೇ ಎಂದು ಜಗಳಕ್ಕೆ ಬರುವ ಗಿರಾಕಿಗಳೂ ಇದ್ದಾರೆ. ಅಂಥವರಿಗೆ ನೀರು ಬಂದ ದಿನ ಫೋನ್ ಮಾಡಿ, ಬಿಟ್ಟಿಯಾಗಿ ಬರುತ್ತೇನೆ ಅನ್ನುತ್ತೇನೆ.

ಹೋದ ವಾರ ವಾಕಡ್‌ನಿಂದ ಅಂಥದೇ ಒಂದು ಫೋನು ಬಂತು. ಬಕೆಟ್ಟು ಗಾಡಿಯಲ್ಲೇ ಇದೆ.